ಜನವರಿಯಲ್ಲಿ ಅಸ್ಸಾಮಿಗೆ ಹೋದರೆ ಬಿಹು ಕುಣಿತ ಸಿಗುತ್ತಾ?

ತಿರುಗುಬೋಕಿ: ಜನವರಿ ಎರಡನೇ ವಾರ ಗುವಾಹಟಿಗೆ ಹೋಗುವ ಯೋಚನೆ ಇದೆ. ಸಂಕ್ರಾಂತಿ ಹೊತ್ತಿಗೇ ಅಲ್ಲಿನ ಬಿಹು ಹಬ್ಬ ಅಂತ ಓದಿದೆ. ಆದರೆ ಕುಣಿತದ ವಿಡಿಯೋ ಯಾವುದು ನೋಡಿದರೂ ಏಪ್ರಿಲ್ ತಿಂಗಳದ್ದು. ಬಿಹು ಎರಡು ಸಲ ಬರುತ್ತಾ?

ಡೋಲುಪ್ರಿಯ: ಎರಡಲ್ಲ, ಮೂರು. ಏಪ್ರಿಲ್ ಮಧ್ಯದಲ್ಲಿ ಬರೋದು ಬೊಹಾಗ್ ಬಿಹು, ಅದು ಅವರ ಹೊಸ ವರ್ಷ. ನೀವು ವಿಡಿಯೋದಲ್ಲಿ ನೋಡಿದ ಕುಣಿತ ಅದರದ್ದು. ಅಕ್ಟೋಬರಿನದು ಕಾತಿ ಬಿಹು. ಕಣಜ ಖಾಲಿ, ಪೈರು ಇನ್ನೂ ಗದ್ದೆಯಲ್ಲಿ, ಹಾಗಾಗಿ ತುಳಸಿ ಮುಂದೆ, ಗದ್ದೆಯಲ್ಲಿ ದೀಪ ಹಚ್ಚುತ್ತಾರೆ, ಅಷ್ಟೇ. ಜನವರಿಯದು ಮಾಘ್ ಬಿಹು, ಕೊಯ್ಲು ಮುಗಿದ ಮೇಲಿನ ಹಬ್ಬ, ಕುಣಿತಕ್ಕಿಂತ ಊಟವೇ ಜಾಸ್ತಿ.

ಬೊಹಾಗ್ ಬಿಹು ಶುರುವಾಗೋದು ದನಗಳಿಂದ. ಮೊದಲ ದಿನ ಗೋರು ಬಿಹು. ಉದ್ದು ಅರಿಸಿನ ಅರೆದು ಹಚ್ಚಿ ಹೊಳೆಯಲ್ಲಿ ಮೈ ತೊಳೆಸಿ, ಸೋರೆಕಾಯಿ ಬದನೆಕಾಯಿ ಹೋಳುಗಳನ್ನು ಅವುಗಳತ್ತ ಎಸೆಯುತ್ತಾ, ನಿನ್ನ ಅಮ್ಮ ಸಣ್ಣದು, ಅಪ್ಪ ಸಣ್ಣದು, ನೀನು ಮಾತ್ರ ದೊಡ್ಡದಾಗಿ ಬೆಳಿ ಅಂತ ಹಾಡುತ್ತಾರೆ. ಸಂಜೆ ಹೊಸ ಹಗ್ಗದಲ್ಲಿ ಕಟ್ಟುತ್ತಾರೆ. ನನಗೆ ಕುಣಿತಕ್ಕಿಂತ ಇದೇ ಇಷ್ಟ.

ಮಳೆಹುಡುಗಿ: ಜನವರಿಯನ್ನು ಅಷ್ಟು ಕಡೆಗಣಿಸಬೇಡಿ! ಹಬ್ಬದ ಹಿಂದಿನ ರಾತ್ರಿ ಉರುಕಾ. ಹುಡುಗರು ಗದ್ದೆಯಲ್ಲಿ ಹುಲ್ಲು ಬಿದಿರಿನ ಗುಡಿಸಲು ಕಟ್ಟಿ, ಅಲ್ಲೇ ಅಡುಗೆ ಮಾಡಿ ಉಂಡು, ಬೆಳಗಾಗುತ್ತಲೇ ಮೇಜಿ ಅನ್ನುವ ಸೌದೆ ರಾಶಿಗೆ ಬೆಂಕಿ ಇಡುತ್ತಾರೆ, ಗುಡಿಸಲನ್ನೂ ಸುಡುತ್ತಾರೆ. ಚಳಿ ಇರುತ್ತೆ, ಸ್ವೆಟರ್ ಮರೀಬೇಡಿ.

ಕುಣಿತವೇ ಬೇಕು ಅಂದರೆ ಏಪ್ರಿಲ್ ಸರಿ. ಗುವಾಹಟಿಯ ಲತಾಶಿಲ್ ಮೈದಾನದಲ್ಲಿ 1952ರಿಂದ ವೇದಿಕೆ ಮೇಲೆ ಬಿಹು ನಡೆಯುತ್ತಿದೆ. ಎಮ್ಮೆ ಕೊಂಬಿನ ಪೆಪಾ ಊದಿದಾಗ ಬರುವ ಆ ಕೀರಲು ದನಿ ಹತ್ತಿರದಿಂದಲೇ ಕೇಳಬೇಕು. ಕುಣಿಯುವ ಹುಡುಗಿಯರ ಮುಡಿಯಲ್ಲಿ ಕೊಪೌ ಹೂ ಇರುತ್ತೆ, ನಮ್ಮ ಸೀತಾಳೆ ದಂಡೆಯೇ ಅದು.

ಡೋಲುಪ್ರಿಯ: ವೇದಿಕೆ ಬಿಹು ನನಗೆ ಸ್ವಲ್ಪ ಕವಾಯತು ಥರ ಕಾಣುತ್ತೆ. 2023ರ ಏಪ್ರಿಲ್‌ನಲ್ಲಿ ಗುವಾಹಟಿಯ ಸ್ಟೇಡಿಯಂನಲ್ಲಿ 11,000ಕ್ಕೂ ಹೆಚ್ಚು ಜನ ಒಟ್ಟಿಗೆ ಕುಣಿದು ಗಿನ್ನೆಸ್ ದಾಖಲೆ ಮಾಡಿದರಲ್ವಾ, ಅದೂ ಹಾಗೇ. ಹಳ್ಳಿಯಲ್ಲಿ ಮನೆ ಮನೆಗೆ ಬಂದು ಅಂಗಳದಲ್ಲಿ ಹಾಡಿ ಕುಣಿದು ಹರಸಿ ಹೋಗುವ ಹುಸೋರಿ ತಂಡ ಸಿಕ್ಕರೆ ಬಿಡಬೇಡಿ.

ಏಪ್ರಿಲ್ ಆಗಲ್ಲ ಅಂದರೆ ಫೆಬ್ರವರಿ ನೋಡಿ. ಫಾಗುಣ ಮಾಸದ ಮೊದಲ ಬುಧವಾರ ಅಲ್ಲಿನ ಮಿಸಿಂಗ್ ಬುಡಕಟ್ಟಿನ ಜನರ ಆಲಿ ಆಯೆ ಲಿಗಾಂಗ್, ಬಿತ್ತನೆಯ ಹಬ್ಬ. ಗುಮ್ರಾಗ್ ಕುಣಿತ ಅದರದ್ದೇ.

ತಿರುಗುಬೋಕಿ: ಮನೆಯಲ್ಲಿ ಕೇಳಿದೆ. ಊಟದ ಬಿಹುವೇ ಆಗಲಿ ಅಂದರು. ಜನವರಿಗೇ ಟಿಕೆಟ್ ಮಾಡಿಸ್ತೀನಿ.