ರ‍್ಯಾಪ್ ಮಾಡೋ ಹುಡುಗ್ರು ಊರಿನ ಸಮಸ್ಯೆಗೆಲ್ಲ ದನಿ ಎತ್ತಲೇಬೇಕಾ?

ಹೇಮಾವತಿ_ಹಿನ್ನೀರು (ಹಾಸನ)

ಎಲ್ರಿಗೂ ನಮಸ್ಕಾರ. ಒಂದು ವಿಷ್ಯ ಕೇಳ್ಬೇಕಿತ್ತು, ಮನೇಲಿ ಇದ್ರ ಮೇಲೆ ದೊಡ್ಡ ಜಗಳಾನೇ ನಡೀತಿದೆ. ನಮ್ಮಕ್ಕನ ಮಗ ಡಿಪ್ಲೊಮಾ ಓದ್ತಿದಾನೆ, ಅವ್ನೂ ಅವ್ನ ಫ್ರೆಂಡ್ಸೂ ಸೇರ್ಕೊಂಡು ಕನ್ನಡ ರ‍್ಯಾಪ್ ಮಾಡ್ತಾರೆ, ರೀಲ್ಸ್ ಹಾಕ್ತಾರೆ, ಗಣಪತಿ ಕೂರ್ಸಿದ್ ಕಡೆ ಆರ್ಕೆಸ್ಟ್ರಾ ಮಧ್ಯೆ ಹತ್ತು ನಿಮಿಷ ಸ್ಟೇಜ್ ಸಿಗುತ್ತೆ. ಈ ಸಲ ಆಲೂರ್ ಕಡೆ ಒಂದು ಊರಲ್ಲಿ ಪ್ರೋಗ್ರಾಂ ಇತ್ತು. ಹಾಡೆಲ್ಲ ಮಾಮೂಲಿ, ಬೈಕು, ಹುಡುಗಿ, ಹಾಸನದ್ ಹುಡುಗ್ರು ಅಂದ್ರೆ ಹಂಗೆ ಹಿಂಗೆ. ಮುಗಿದ್ಮೇಲೆ ಹಿರಿಯರೊಬ್ರು ಸ್ಟೇಜ್ ಪಕ್ಕಾನೇ ಬಂದು "ಆನೆ ಗದ್ದೆ ತುಳ್ಕೊಂಡ್ ಹೋಗೈತೆ, ಸಂಜೆ ಆದ್ರೆ ಆಚೆ ಕಾಲಿಡಂಗಿಲ್ಲ, ನೀವು ಮೈಕ್ ಹಿಡ್ಕಂಡು ಬೈಕ್ ಬಗ್ಗೆ ಕೂಗ್ತೀರಲ್ಲೋ, ನಾಕ್ ಜನ ನಿಮ್ ಮಾತು ಕೇಳ್ತಾರೆ, ಜವಾಬ್ದಾರಿ ಬ್ಯಾಡ್ವಾ" ಅಂದ್ರಂತೆ.

ನಮ್ ಭಾವನೂ ಅದೇ ಪಕ್ಷ. ಅಮೆರಿಕದಲ್ಲಿ ಕಪ್ಪು ಜನ ಹೋರಾಟಕ್ಕೆ ಅಂತಾನೇ ಹುಟ್ಟುಹಾಕಿದ್ದು ಇದು, ಅದನ್ನ ತಂದು ಶೋಕಿಗೆ ಬಳಸ್ತೀರ ಅಂತ ಬೈತಾರೆ. ಹುಡುಗ ಏನಂತಾನೆ ಅಂದ್ರೆ "ಮಾವ, ನಾನೇನ್ ಎಂಎಲ್ಎನಾ, ಅವ್ರನ್ನ ಕೇಳಲ್ಲ ನನ್ನ ಕೇಳ್ತಾರೆ". ನಂಗೆ ಇಬ್ರೂ ಹೇಳೋದೂ ಸರಿ ಅನ್ಸುತ್ತೆ, ಅದೇ ಕಷ್ಟ ಆಗಿರೋದು. ಕೇಳೋರಿಗೋಸ್ಕರ ರ‍್ಯಾಪರ್ ಆದೋನು ಸಮಾಜ ರಾಜಕೀಯ ಅಂತ ಮುಂದೆ ನಿಲ್ಲಲೇಬೇಕು ಅನ್ನೋ ಋಣ ಏನಾದ್ರೂ ಇದ್ಯಾ?

ಅರಸೀಕೆರೆ_ಜಂಕ್ಷನ್

ನಿಮ್ ಭಾವಂಗೆ ಹೇಳಿ ಗುರು, ಇದು ಹುಟ್ಟಿದ್ದು ಹೋರಾಟದಲ್ಲಲ್ಲ ಪಾರ್ಟೀಲಿ. 1973 ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್, ಸೆಜ್‌ವಿಕ್ ಅವೆನ್ಯೂದಲ್ಲಿ 1520ನೇ ನಂಬರ್ ಬಿಲ್ಡಿಂಗು. ಡಿಜೆ ಕೂಲ್ ಹರ್ಕ್‌ನ ತಂಗಿ ಸ್ಕೂಲ್ ಶುರುವಾಗೋ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕು ಅಂತ ಟಿಕೆಟ್ ಇಟ್ಟು ಪಾರ್ಟಿ ಮಾಡಿದ್ಲು, ಅಣ್ಣ ಹಾಡಲ್ಲಿ ಡ್ರಮ್ ಮಾತ್ರ ಬರೋ ತುಂಡನ್ನೇ ಎರಡು ರೆಕಾರ್ಡ್ ಇಟ್ಟು ಎಳೆದೆಳೆದು ಬಾರಿಸ್ದ, ಜನ ಕುಣಿದ್ರು, ಅಷ್ಟೇ. ಅದನ್ನೇ ಹಿಪ್‌ಹಾಪ್ ಹುಟ್ಟಿದ ದಿನ ಅಂತಾರೆ, ರ‍್ಯಾಪ್ ಬಂದಿದ್ದು ಅದರೊಳಗಿಂದಾನೇ.

ಇನ್ನೂ ಒಂದ್ ಮಜಾ ಕೇಳಿ. ರ‍್ಯಾಪಲ್ಲಿ ಬಡತನ ಗಲೀಜು ಕೊಳೆಗೇರಿ ಎಲ್ಲಾ ಬಂದ ಮೊದಲ ದೊಡ್ಡ ಹಾಡು ಅಂದ್ರೆ 1982ರ 'ದಿ ಮೆಸೇಜ್', ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ್ದು ಅಂತ ಹೆಸ್ರು. ಆದ್ರೆ ಆ ತಂಡಕ್ಕೇ ಅದು ಬೇಡವಾಗಿತ್ತು, ಕುಣಿಯಕ್ಕೆ ಬಂದೋರು ಮನೆ ಕಷ್ಟ ಯಾಕ್ ಕೇಳ್ತಾರೆ ಅಂತ. ಪಟ್ಟು ಹಿಡಿದು ಮಾಡ್ಸಿದ್ದು ರೆಕಾರ್ಡ್ ಕಂಪನಿ ನಡೆಸ್ತಿದ್ದ ಸಿಲ್ವಿಯಾ ರಾಬಿನ್ಸನ್. ತಂಡದಲ್ಲಿ ಮೆಲ್ಲಿ ಮೆಲ್ ಒಬ್ನೇ ಅದರಲ್ಲಿ ರ‍್ಯಾಪ್ ಮಾಡಿರೋದು. ಅಂದ್ರೆ ಮೊದಲ "ಸಾಮಾಜಿಕ ಕಳಕಳಿ" ಹಾಡೇ ಮಾಲೀಕರು ಹೇಳಿ ಮಾಡ್ಸಿದ್ದು 😂

ಋಣ ಗಿಣ ಏನಿಲ್ಲ. ಮುಂದಾಳು ಆಗ್ಬೇಕು ಅನ್ಸಿದ್ರೆ ಕಠ್ಮಂಡುವಿನ ಬಾಲೇನ್ ಶಾ ಥರ ಆಗ್ಲಿ, ರ‍್ಯಾಪರ್, ಸ್ಟ್ರಕ್ಚರಲ್ ಇಂಜಿನಿಯರ್, 2022ರಲ್ಲಿ ಪಕ್ಷೇತರನಾಗಿ ನಿಂತು ಮೇಯರ್ ಆದ. ಆಮೇಲೆ ಜನ ಅವ್ನ ಪ್ರಾಸ ಕೇಳಲಿಲ್ಲ, ಕಸ ಎತ್ತಿದ್ಯಾ ಅಂತ ಕೇಳಿದ್ರು. ಹಂಗೆ ಓಟ್ ಕೇಳಿದೋನ್ನ ಲೆಕ್ಕ ಕೇಳಿ, ಗಣಪತಿ ಮುಂದೆ ಹತ್ ನಿಮಿಷ ಹಾಡಿದ ಹುಡುಗನ್ನ ಯಾಕ್ ಹಿಡ್ಕೊತೀರ.

ಗಿರಿ_ಕೆಳಗಿನ_ಮನೆ (ಚಿಕ್ಕಮಗಳೂರು)

ಅರಸೀಕೆರೆಯವ್ರೆ, ನೀವು ಹೇಳಿದ ಚರಿತ್ರೆ ಸರಿ, ಆದ್ರೆ ಪಾರ್ಟೀಲಿ ಹುಟ್ಟಿದ್ದು ಪಾರ್ಟೀಲೇ ಉಳೀಲಿಲ್ವಲ್ಲ. ಅದೇ ಮನೆಗಳ ಮಕ್ಕಳೇ ಆಮೇಲೆ ಪಬ್ಲಿಕ್ ಎನಿಮಿ ಅನ್ನೋ ರಾಜಕೀಯ ರ‍್ಯಾಪ್ ತಂಡಾನ ಕೇಳಿದ್ದು, ಇನ್ನೊಂದು ತಂಡ ಎನ್‌ಡಬ್ಲ್ಯೂಎ ಪೊಲೀಸ್ರ ಮೇಲೆ ಹಾಡಿದ್ದಕ್ಕೆ 1989ರಲ್ಲಿ ಅಮೆರಿಕ ಸರ್ಕಾರದ ತನಿಖಾ ಸಂಸ್ಥೆ ಎಫ್‌ಬಿಐನವ್ರು ರೆಕಾರ್ಡ್ ಕಂಪನಿಗೆ ಕಾಗದ ಬರೆದಿದ್ರು. ಬರೀ ಕುಣಿತ ಆಗಿದ್ರೆ ಸರ್ಕಾರಕ್ಕೆ ಯಾಕೆ ತಲೆಬಿಸಿ?

ನಾನು ಪಿಯು ಕಾಲೇಜಲ್ಲಿ ಪಾಠ ಮಾಡ್ತೀನಿ. ಹುಡುಗ್ರು ಬೆಂಚ್ ಬಡ್ಕೊಂಡು ಹೇಳೋದು ಪದ್ಯ ಅಲ್ಲ, ರ‍್ಯಾಪು. ಒಂದ್ಸಲ ಕೇಳಿದ್ರೆ ಬಾಯಿಪಾಠ. ಅದರಲ್ಲಿ "ಅವಳು ಕೈ ಕೊಟ್ಲು" ಅಂತ ಹುಡುಗಿಗೆ ಬೈಯೋ ಸಾಲು ಇದ್ರೆ ಮಾರನೇ ದಿನ ಅದೇ ಸಾಲು ಕ್ಲಾಸಿನ ಹುಡುಗಿ ಬೆನ್ನಿಂದೆ ಕೇಳುತ್ತೆ. ಇದನ್ನ ನಾನು ಕಿವಿಯಾರೆ ಕೇಳಿದೀನಿ. ಹಂಗಾಗಿ ನಾಯಕತ್ವ ಬೇಡ ಸರಿ, ಏನೂ ಬೇಡ ಅಂದ್ರೆ ಮಾತ್ರ ಒಪ್ಪಲ್ಲ.

ಪಕ್ಕದ ಜಿಲ್ಲೆಯ ರ‍್ಯಾಪರ್ ಚಂದನ್ ಶೆಟ್ಟಿದೇ ತಗೊಳ್ಳಿ, ಹಾಸನದವರಿಗೆ ಹೆಮ್ಮೆ ಇರಬೋದು, ಇರ್ಲಿ. 2020ರ ಗಣೇಶನ ಹಬ್ಬದ ಟೈಮಲ್ಲಿ ಕೋಲುಮಂಡೆ ಜಂಗಮದೇವರ ಹಾಡನ್ನ ಹೊಸ ಸ್ಟೈಲಲ್ಲಿ ಬಿಟ್ಟಾಗ ಮಾದಪ್ಪನ ಕಥೆಯ ಸಂಕಮ್ಮನ್ನ ತೋರಿಸಿದ ರೀತಿ ನೋಡಿ ಮಾದಪ್ಪನ ಒಕ್ಕಲಿನವರು ನೊಂದ್ಕೊಂಡ್ರು, ಅವ್ರು ಕ್ಷಮೆ ಕೇಳಿ ವಿಡಿಯೋ ತೆಗೆದ್ರು. ಅದು ರಾಜಕೀಯ ಅಲ್ಲ, ಮುಂದಾಳತ್ವ ಅಲ್ಲ. ಯಾರದ್ದು ಮುಟ್ತಿದೀನಿ ಅನ್ನೋ ಅರಿವು, ಅಷ್ಟು ಸಾಲ ಅಂತೂ ಇದ್ದೇ ಇದೆ.

ಇನ್ನು ಜನ ಯಾಕೆ ಕಲಾವಿದರನ್ನೇ ಕೇಳ್ತಾರೆ ಅನ್ನೋದು. ನಮ್ಮಲ್ಲಿ ಅದಕ್ಕೆ ರಾಜಕುಮಾರ್ ಕಾರಣ ಅಂತ ನನ್ ಅಭಿಪ್ರಾಯ. 1982ರ ಗೋಕಾಕ್ ಚಳವಳಿಗೆ ಅಣ್ಣಾವ್ರು ಬಂದ್ರು, ಸಾಹಿತಿಗಳು ಕೂತು ಮಾತಾಡ್ತಿದ್ದ ವಿಷ್ಯ ರಸ್ತೆಗೆ ಬಂತು. ಅವತ್ತಿಂದ ಕಾವೇರಿ ಗಲಾಟೆ ಆದ್ರೂ ಸಿನಿಮಾದವ್ರು ಎಲ್ಲಿ, ಭಾಷೆ ವಿಷ್ಯ ಬಂದ್ರೂ ಸಿನಿಮಾದವ್ರು ಎಲ್ಲಿ. ಈಗ ಅದೇ ನಿರೀಕ್ಷೆ ರ‍್ಯಾಪ್ ಹುಡುಗ್ರ ತಲೆ ಮೇಲೆ ಬಂದಿದೆ. ಆದ್ರೆ ಮರೀಬೇಡಿ, ಚಳವಳಿ ಮೊದಲಿತ್ತು, ಅಣ್ಣಾವ್ರು ಆಮೇಲೆ ಬಂದಿದ್ದು, ಬಂದ್ಮೇಲೂ ಒಂದು ಚುನಾವಣೆಗೂ ನಿಲ್ಲಲಿಲ್ಲ.

ಟೈಪ್‌ಬೀಟ್_ತಮ್ಮಣ್ಣ (ಚಿಕ್ಕಮಗಳೂರು)

ಮೇಡಂ ಚೆನ್ನಾಗ್ ಹೇಳಿದ್ರಿ. ನಾನು ಚಿಕ್ಕ ರೆಕಾರ್ಡಿಂಗ್ ರೂಮ್ ಇಟ್ಕೊಂಡಿದೀನಿ, ಗೋಡೆಗೆ ಫೋಮು, ಒಂದು ಮೈಕು, ಒಂದು ಕಂಪ್ಯೂಟರ್ರು. ನಿಮ್ಮೆಲ್ಲರ ಚರ್ಚೆ ಮೇಲ್ಗಡೆ ನಡೀತಿದೆ, ಕೆಳಗಡೆ ಏನಾಗ್ತಿದೆ ಅಂತ ನಾನು ಹೇಳ್ತೀನಿ.

ರಾಜಕೀಯ ಮಾತಾಡಲ್ಲ ಅಂತಾರಲ್ಲ ರ‍್ಯಾಪರ್ಸು, ಸುಳ್ಳು, ಬೇಕಾದಷ್ಟ್ ಮಾತಾಡ್ತಾರೆ. ನನ್ ರೂಮಿಗೆ ಬರೋ ಕೆಲಸದಲ್ಲಿ ಜಾಸ್ತಿ ಪಾಲು ನಾಯಕರ ಹುಟ್ಟುಹಬ್ಬದ ಹಾಡು, ಎಲೆಕ್ಷನ್ ಬಂದ್ರೆ ಪ್ರಚಾರದ ಹಾಡು. "ಬಂದ ನೋಡು ಸಿಂಹ, ಬಡವರ ಬಂಧು" ಅಂತ ಒಂದೇ ಹುಕ್ (ಮತ್ತೆ ಮತ್ತೆ ಬರೋ ಸಾಲು), ಹೆಸ್ರು ಮಾತ್ರ ಬದಲಾಯ್ಸೋದು. ಎರಡು ಪಕ್ಷದೋರಿಗೂ ಒಂದೇ ಹುಡುಗ ಒಂದೇ ವಾರದಲ್ಲಿ ಹಾಡಿ ಹೋಗಿರೋದೂ ಉಂಟು, ನಾನೇ ಮಿಕ್ಸ್ ಮಾಡಿದೀನಿ. ತಪ್ಪು ಅಂತ ಹೇಳ್ತಿಲ್ಲ, ಹೊಟ್ಟೆಪಾಡು, ಯೂಟ್ಯೂಬಿಂದ ಬರೋ ದುಡ್ಡಲ್ಲಿ ಬೀಟ್ (ಹಾಡಿನ ಹಿಂದಿನ ಮ್ಯೂಸಿಕ್ಕು) ತಗೊಳಕ್ಕೂ ಆಗಲ್ಲ. ಆದ್ರೆ ಆ ಹುಡುಗ್ರನ್ನೇ ರಸ್ತೆ ಗುಂಡಿ ಬಗ್ಗೆ ಬರೀರೋ ಅಂದ್ರೆ "ಅಣ್ಣ ನಾವು ಆರ್ಟಿಸ್ಟು, ಪಾಲಿಟಿಕ್ಸ್ ಬೇಡ" ಅಂತಾರೆ, ನಗು ಬರುತ್ತೆ.

ಹಿರಿಯರು ಬೈದಿದ್ದಕ್ಕೆ ಬೇಜಾರ್ ಮಾಡ್ಕೊಬೇಡಿ ಅಂತ ಹೇಳಿ ನಿಮ್ಮ ಹುಡುಗಂಗೆ. ಯಾರಾದ್ರೂ ಶಾಲು ಹಾಕಿ ದುಡ್ಡು ಕೊಟ್ಟು ಹಾಡ್ಸಕ್ಕೆ ಬಂದಾಗ ಯೋಚ್ನೆ ಮಾಡ್ಲಿ.

ಲೈನ್‌ಮನೆ_ಎಂಸಿ (ಸಕಲೇಶಪುರ)

ಇಲ್ಲಿ ರ‍್ಯಾಪ್ ಮಾಡೋರು ಯಾರೂ ಮಾತಾಡಿಲ್ಲ ಅನ್ಸುತ್ತೆ, ನಾನ್ ಮಾತಾಡ್ತೀನಿ. ನಮ್ಮಮ್ಮ ಎಸ್ಟೇಟಲ್ಲಿ ಕೂಲಿ, ಹುಟ್ಟಿದ್ದು ಬೆಳ್ದಿದ್ದು ಲೈನ್ ಮನೇಲೇ, ಕೂಲಿಯವ್ರಿಗೆ ಅಂತ ತೋಟದಲ್ಲಿ ಕಟ್ಸಿರೋ ಸಾಲು ಮನೆ. ಆನೆ ಬಗ್ಗೆ ನಾನ್ ಬರ್ದಿದ್ದು ಇದು, ಇನ್ನೂ ರೆಕಾರ್ಡ್ ಮಾಡಿಲ್ಲ (ಆನೆ ಮೆಸೇಜ್ ಅಂದ್ರೆ ಆನೆ ಹತ್ರ ಇದೆ ಅಂತ ಫೋನಿಗೆ ಬರೋ ಎಚ್ಚರಿಕೆ)

ಆರ್ ಗಂಟೆ ಮಂಜು, ತಲೆಗ್ ಸ್ಕಾರ್ಫು, ಕಾಲಿಗ್ ಗಂಬೂಟು
ಆನೆ ಮೆಸೇಜ್ ಬಂದೈತಂತೆ, ಇಲ್ ನೆಟ್‌ವರ್ಕೇ ಕಟ್ಟು
ಮೇಸ್ತ್ರಿ ಅಂತಾನೆ ಲೇಟಾದ್ರೆ ಇವತ್ತಿನ್ ಹಾಜ್ರಿ ಕಟ್ಟು
ಆನೆಗಾದ್ರೆ ಹೆಸ್ರೈತೆ ಸಾರ್, ನಮ್ಮಮ್ಮ ಬರೀ ಹೆಡ್‌ಕೌಂಟು

ಕೊನೇ ಸಾಲು ಯಾಕೆ ಅಂದ್ರೆ, 2023 ಡಿಸೆಂಬರಲ್ಲಿ ಯಸಳೂರು ಕಡೆ ಕಾಡಾನೆ ಹಿಡಿಯೋ ಕಾರ್ಯಾಚರಣೇಲಿ ಅರ್ಜುನ ಸತ್ತಾಗ ಇಡೀ ರಾಜ್ಯ ಅತ್ತಿತು, ನಾನೂ ಅತ್ತಿದೀನಿ, ಅಂಬಾರಿ ಹೊತ್ತ ಆನೆ ಅದು. ಆದ್ರೆ ಬೆಳಿಗ್ಗೆ ತೋಟಕ್ಕೆ ನಡ್ಕಂಡು ಹೋಗೋರು ಆನೆ ಕಾಲಿಗೆ ಸಿಕ್ಕಿದ್ರೆ ಪೇಪರಲ್ಲಿ "ಕೂಲಿ ಕಾರ್ಮಿಕ ಸಾವು" ಅಂತ ಬರುತ್ತೆ, ಹೆಸ್ರು ಒಳಗಡೆ ಎಲ್ಲೋ ಇರುತ್ತೆ.

ಇದನ್ನ ನಾನು ಋಣ ಅಂತ ಬರೀಲಿಲ್ಲ ಸಾರ್. ಅಮ್ಮ ಹೊರಟಾಗ ಭಯ ಆಗುತ್ತೆ, ಅದಕ್ಕೆ ಬರ್ದೆ. ತಮಿಳಿನ ರ‍್ಯಾಪರ್ 'ಅರಿವು' ತೋಟದ ಬಗ್ಗೆ ಹಾಡ್ತಾನೆ ಅಂದ್ರೆ ಅವ್ನ ಅಜ್ಜಿ ಶ್ರೀಲಂಕಾದ ಟೀ ತೋಟದಲ್ಲಿ ದುಡಿದೋಳು. ಬೈಕಿನ ಬಗ್ಗೆ ಬರಿಯೋ ಹುಡುಗಂಗೆ ಬೈಕೇ ನಿಜ ಇರಬೋದು, ಅವ್ನು ಬೈಯಿಸ್ಕೊಂಡು ಬಂದು ಆನೆ ಬಗ್ಗೆ ಬರೆದ್ರೆ ಸರ್ಕಾರಿ ಜಾಹೀರಾತು ಥರ ಇರುತ್ತೆ, ನಂಗೂ ಕೇಳಕ್ಕೆ ಹಿಂಸೆ.

ಇನ್ನೊಂದು ಕಷ್ಟ ಹೇಳ್ತೀನಿ. ಒಂದ್ಸಲ ಇಂಥ ಸಾಲು ಹಾಕಿದ್ರೆ ಮುಗೀತು, ಆಮೇಲೆ ಎಲ್ಲದಕ್ಕೂ ನಾನೇ ಬೇಕು. ಮೇಕೆದಾಟು ಬಗ್ಗೆ ಮಾತಾಡು, ಹಿಂದಿ ಬಗ್ಗೆ ಮಾತಾಡು, ಎತ್ತಿನಹೊಳೆ ಯಾಕ್ ಬಿಟ್ಟೆ, ಮೀಸಲಾತಿ ಬಗ್ಗೆ ಯಾವ ಕಡೆ ನೀನು. ನಂಗೆ ಗೊತ್ತಿರೋದು ನಮ್ಮ ತೋಟದ ಗೇಟಿಂದ ಮೇನ್ ರೋಡ್ ತನಕ, ಅದಕ್ಕಿಂತ ಜಾಸ್ತಿ ಮಾತಾಡಿದ್ರೆ ಊಹೆ ಆಗುತ್ತೆ.

ಗಿರಿ_ಕೆಳಗಿನ_ಮನೆ (ಚಿಕ್ಕಮಗಳೂರು)

ತಮ್ಮಾ, ಆ ನಾಲ್ಕು ಸಾಲು ಬೇಗ ರೆಕಾರ್ಡ್ ಮಾಡು. "ಕಟ್ಟು" ಎರಡ್ಸಲ ಎರಡು ಅರ್ಥದಲ್ಲಿ ಬಂದಿದೆ, ಬೇಕಂತಾನೇ ಇಟ್ಟಿದ್ರೆ ಶಭಾಷ್.

ನಿನಗೆ ಒಂದು ಸಂಗತಿ ಹೇಳ್ಬೇಕು. ಕೊಡೈಕೆನಾಲಲ್ಲಿ ಥರ್ಮಾಮೀಟರ್ ಫ್ಯಾಕ್ಟರಿ ಇತ್ತು, ಹಿಂದುಸ್ತಾನ್ ಯೂನಿಲಿವರ್‌ದು, ಪಾದರಸ ಸೋರಿದ ಗಲಾಟೆ ಎದ್ದು 2001ರಲ್ಲಿ ಮುಚ್ಚಿತು. ಕೆಲಸದವ್ರು ಪರಿಹಾರಕ್ಕೆ ವರ್ಷಗಟ್ಟಲೆ ಅಲೆದ್ರು. 2015ರಲ್ಲಿ ಚೆನ್ನೈನ ಸೋಫಿಯಾ ಅಶ್ರಫ್ ಅದರ ಮೇಲೆ ಒಂದು ರ‍್ಯಾಪ್ ವಿಡಿಯೋ ಬಿಟ್ಲು, ಲೋಕವೆಲ್ಲ ನೋಡ್ತು, ಮುಂದಿನ ವರ್ಷ ಮಾರ್ಚಲ್ಲಿ ಕಂಪನಿ 591 ಮಾಜಿ ಕೆಲಸಗಾರರ ಜೊತೆ ಒಪ್ಪಂದ ಮಾಡ್ಕೊಂಡಿತು. ಹಾಡಿಂದ ಏನಾಗುತ್ತೆ ಅನ್ನೋರಿಗೆ ಇದನ್ನೇ ಹೇಳ್ತೀನಿ ನಾನು.

ಅರಸೀಕೆರೆ_ಜಂಕ್ಷನ್

ಮೇಡಂ ಅದೇ ಉದಾಹರಣೆ ನಂಗೂ ಬೇಕಿತ್ತು, ಥ್ಯಾಂಕ್ಸ್ 🙂 ಅಲ್ಲಿ ಮುಂದಾಳು ಯಾರು? ಅವಳಲ್ಲ, ಅಷ್ಟ್ ವರ್ಷ ಕೋರ್ಟು ಕಚೇರಿ ಅಲೆದ ಕೆಲಸಗಾರರು. ಸಂಘ ಇತ್ತು, ದಾಖಲೆ ಇತ್ತು, ಬೇಡಿಕೆ ಪಟ್ಟಿ ಇತ್ತು, ಅವಳು ಬಂದು ಮೈಕ್ ದೊಡ್ಡದು ಮಾಡಿದ್ಲು. ಸಂಘಾನೇ ಇಲ್ದೆ ಬರೀ ಹಾಡಿದ್ದಿದ್ರೆ ಲಕ್ಷಗಟ್ಟಲೆ ವ್ಯೂಸ್ ಬಂದು ನಿಂತೋಗ್ತಿತ್ತು. ಅಮೆರಿಕದ ರ‍್ಯಾಪರ್ ಕೆಂಡ್ರಿಕ್ ಲಮಾರ್‌ದೂ ಅದೇ ಕಥೆ, 2015ರಲ್ಲಿ ಪೊಲೀಸ್ ದೌರ್ಜನ್ಯದ ವಿರುದ್ಧ ಬೀದಿಗಿಳಿದ ಜನ ಅವ್ನ 'ಆಲ್‌ರೈಟ್' ಹಾಡನ್ನ ಘೋಷಣೆ ಥರ ಕೂಗಿದ್ರು, ಅವ್ನೇನ್ ಮುಂದೆ ನಿಂತು ಕೂಗ್ಸಿರಲಿಲ್ಲ.

ಉಲ್ಟಾನೂ ನೋಡಿ. ಅಲ್ಲಿನ ಇನ್ನೊಬ್ಬ ರ‍್ಯಾಪರ್ ಕಾನ್ಯೆ ವೆಸ್ಟ್ 2005ರಲ್ಲಿ ಕತ್ರಿನಾ ಚಂಡಮಾರುತ ಆದಾಗ ಲೈವ್ ಟೀವಿಲಿ ನಿಂತು ಅಧ್ಯಕ್ಷ ಬುಷ್‌ಗೆ ಕಪ್ಪು ಜನ ಅಂದ್ರೆ ಲೆಕ್ಕಕ್ಕಿಲ್ಲ ಅಂತ ಅಂದ, ಎಲ್ರೂ ಇವ್ನೇ ನಮ್ ದನಿ ಅಂದ್ರು. 2018ರಲ್ಲಿ ಅದೇ ಬಾಯಲ್ಲಿ ನಾನೂರು ವರ್ಷ ಗುಲಾಮರಾಗಿದ್ದು ಕಪ್ಪು ಜನರ ಆಯ್ಕೆನೇ ಅನ್ನೋ ಥರ ಮಾತಾಡ್ದ. ಹಾಡು ಚೆನ್ನಾಗಿ ಬರೆಯೋನಿಗೆ ಬುದ್ಧಿನೂ ಅಷ್ಟೇ ಚೆನ್ನಾಗಿರುತ್ತೆ ಅಂತ ಯಾರ್ ಹೇಳಿದ್ರು?

ಲೈನ್‌ಮನೆ_ಎಂಸಿ (ಸಕಲೇಶಪುರ)

ಅಣ್ಣ ಸಂಘ ಇದ್ರೆ ಹಾಡು ಕೆಲ್ಸ ಮಾಡುತ್ತೆ ಅನ್ನೋದು ಒಪ್ತೀನಿ. ನಮ್ ಕಡೆ ತೋಟದ ಕೂಲಿಯವ್ರಿಗೆ ಸಂಘ ಅಂದ್ರೆ ಹೆದ್ರಿಕೆ, ಲೈನ್ ಮನೆ ಸಾಹುಕಾರ್ರದ್ದು, ಬಾಯಿ ಬಿಟ್ರೆ ಮನೆ ಖಾಲಿ ಮಾಡು ಅಂದ್ರೆ ಎಲ್ಲಿಗ್ ಹೋಗ್ತಾರೆ. ಅದಕ್ಕೇ ಇನ್ನೂ ರೆಕಾರ್ಡ್ ಮಾಡಿಲ್ಲ. ಅಮ್ಮನ್ನ ಕೇಳಿ ಮಾಡ್ಬೇಕು. ಕೇಳೋ ಜನಕ್ಕೆ ನಾನೇನ್ ಕೊಡ್ಬೇಕೋ ಗೊತ್ತಿಲ್ಲ, ಮೊದ್ಲು ಅಮ್ಮ ಹೂಂ ಅನ್ಬೇಕು. ಹೆಸ್ರು, ಎಸ್ಟೇಟು, ಊರು ಏನೂ ಬರ್ದಂಗೆ ನೋಡ್ಕೊಂಡಿದೀನಿ.

ಹೇಮಾವತಿ_ಹಿನ್ನೀರು (ಹಾಸನ)

ಇಷ್ಟೊಂದ್ ಬರುತ್ತೆ ಅಂದ್ಕೊಂಡಿರಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಹುಡುಗಂಗೆ ಪೂರ್ತಿ ಓದಿಸ್ದೆ. ಸಿಲ್ವಿಯಾ ರಾಬಿನ್ಸನ್ ಕಥೆ ಭಾವಂಗೂ ಹೇಳಿದೀನಿ, ಅವ್ರು ಈಗ "ನೋಡಿದ್ಯಾ, ಹಿರಿಯರು ಹೇಳಿದ್ದಕ್ಕೇ ಒಳ್ಳೆ ಹಾಡು ಬಂತು" ಅಂತ ಅದನ್ನೂ ತಮ್ ಕಡೆಗೇ ತಿರುಗಿಸ್ಕೊಂಡ್ರು, ಇವ್ರನ್ನ ಗೆಲ್ಲಕ್ಕಾಗಲ್ಲ.

ನಂಗೇನ್ ಅನ್ಸ್ತು ಅಂದ್ರೆ ಆಲೂರಿನ ಹಿರಿಯರು ಕೇಳಿದ್ದು ನಾಯಕನ್ನಲ್ಲ, ಅವ್ರ ಮಾತನ್ನ ಯಾರೂ ಮೈಕಲ್ಲಿ ಹೇಳ್ತಿಲ್ಲ ಅನ್ನೋ ಸಿಟ್ಟದು, ಹತ್ರ ಸಿಕ್ಕಿದ್ದು ಈ ಹುಡುಗ್ರು. ಎಂಎಲ್ಎ ಸ್ಟೇಜ್ ಪಕ್ಕ ಸಿಗಲ್ವಲ್ಲ. ಹುಡುಗಂಗೆ ಲೈನ್‌ಮನೆಯವ್ರ ಸಾಲು ತುಂಬಾ ಹಿಡಿಸಿದೆ, ಅವ್ನ ಹತ್ರ ಒಂದು ಬೀಟ್ ಇದ್ಯಂತೆ, ಯೂಟ್ಯೂಬಲ್ಲಿ "ಫ್ರೀ" ಅಂತ ಇತ್ತು, ಬೇಕಾದ್ರೆ ಕೊಡ್ತೀನಿ ಅಂತಿದಾನೆ.

ಟೈಪ್‌ಬೀಟ್_ತಮ್ಮಣ್ಣ (ಚಿಕ್ಕಮಗಳೂರು)

ಸಾರ್ ಆ ಫ್ರೀ ಅನ್ನೋದನ್ನ ನಂಬ್ಬೇಡಿ, ಡಿಸ್ಕ್ರಿಪ್ಶನ್ ಪೂರ್ತಿ ಓದಕ್ಕೆ ಹೇಳಿ, ಮುಕ್ಕಾಲು ಪಾಲು ದುಡ್ಡು ಮಾಡಂಗಿಲ್ಲ ಅಂತ ಹಾಕಿರ್ತಾರೆ, ವಿಡಿಯೋ ಓಡಿದ್ ಮೇಲೆ ಕಾಪಿರೈಟ್ ಕ್ಲೈಮ್ ಬರುತ್ತೆ. ದುಡ್ಡು ಕೊಟ್ಟು ಬಳಸೋ ಅನುಮತಿ, ಲೀಸ್ ಅಂತಾರೆ, ಅದನ್ನ ತಗೊಂಡು ಆ ಮೇಲ್ ಇಟ್ಕೊಳ್ಳಿ. ಇಲ್ಲ ಬೀಟೇ ಬೇಡ, ತಮಟೆ ಬಾರಿಸೋರು ಒಬ್ರನ್ನ ಕರ್ಕೊಂಡ್ ಬನ್ನಿ, ಆ ಸಾಲಿಗೆ ಅದೇ ಕೂರುತ್ತೆ. ಲೈನ್‌ಮನೆ ತಮ್ಮಾ, ಅಮ್ಮ ಹೂಂ ಅಂದ್ರೆ ಭಾನುವಾರ ಬಾ, ರೂಮ್ ಖಾಲಿ ಇರುತ್ತೆ, ದುಡ್ಡು ಬೇಡ, ಬಸ್ ಚಾರ್ಜ್ ಮಾತ್ರ ನಿಂದು.