ಉಚಿತ ಲೆನ್ಸ್, ಎರಡು ಷರತ್ತು: ಕ್ಯಾಮೆರಾ ವಿಮರ್ಶೆಗಳ ಬಗ್ಗೆ ಪ್ರಶ್ನೋತ್ತರ

ನಿರ್ವಾಹಕರು: ಮೈಸೂರಿನಲ್ಲಿ 22 ವರ್ಷಗಳಿಂದ ಕ್ಯಾಮೆರಾ ಮತ್ತು ಲೆನ್ಸ್ ದುರಸ್ತಿ ಮಾಡುತ್ತಿರುವ ತಂತ್ರಜ್ಞರು ಈ ವಾರ ಉತ್ತರಿಸುತ್ತಾರೆ.

ಶಿವಮೊಗ್ಗದ ಸದಸ್ಯರು: 50,000 ರೂಪಾಯಿಯೊಳಗೆ ಯಾವ ಕ್ಯಾಮೆರಾ ಕೊಳ್ಳಬಹುದು?

ತಂತ್ರಜ್ಞರು: ಕಳೆದ ತಿಂಗಳು ವಿವರವಾಗಿ ಬರೆದಿದ್ದೇನೆ. ದಯವಿಟ್ಟು ಹುಡುಕಿ ಓದಿ.

ಹಾಸನದ ಸದಸ್ಯರು: ನಾನು ಸಣ್ಣದೊಂದು ಕನ್ನಡ ಚಾನೆಲ್ ನಡೆಸುತ್ತೇನೆ. ಒಂದು ಕಂಪನಿಯವರು 85 ಮಿ.ಮೀ. ಲೆನ್ಸ್ ಉಚಿತವಾಗಿ ಕೊಡುತ್ತಾರಂತೆ. ಅಭಿಪ್ರಾಯ ನನ್ನದೇ ಇರಲಿ ಎನ್ನುತ್ತಾರೆ, ಆದರೆ ವಿಡಿಯೊವನ್ನು ಪ್ರಕಟಣೆಗೆ ಮೂರು ದಿನ ಮೊದಲು ಅವರಿಗೆ ತೋರಿಸಬೇಕು, ಬೇರೆ ಕಂಪನಿಯ ಲೆನ್ಸಿನೊಂದಿಗೆ ಹೋಲಿಸಬಾರದು. ಒಪ್ಪಬಹುದೇ?

ತಂತ್ರಜ್ಞರು: ಒಪ್ಪಬೇಡಿ. ಲೆನ್ಸ್ ಬಿಡುಗಡೆಯಾಗುವ ದಿನದವರೆಗೆ ಏನನ್ನೂ ಪ್ರಕಟಿಸಬೇಡಿ ಎನ್ನುವುದು ಈ ವ್ಯವಹಾರದ ವಾಡಿಕೆ, ಅದರಿಂದ ನೋಡುವವರಿಗೆ ನಷ್ಟವಿಲ್ಲ. ವಿಡಿಯೊವನ್ನೇ ಮೊದಲು ತೋರಿಸಿ ಎಂದರೆ ಕತ್ತರಿ ಅವರ ಕೈಗೆ ಹೋಯಿತೆಂದು ಅರ್ಥ. ಯಾರೂ ನಿಮ್ಮಿಂದ ಸುಳ್ಳು ಹೇಳಿಸುವುದಿಲ್ಲ. ಮಂದ ಬೆಳಕಿನಲ್ಲಿ ಫೋಕಸ್ ತಡವರಿಸುತ್ತದೆ ಎಂಬ ಒಂದು ವಾಕ್ಯ ಮಾತ್ರ ಕೊನೆಗೆ ಉಳಿದಿರುವುದಿಲ್ಲ. ಮದುವೆ ಚಿತ್ರ ತೆಗೆಯುವ ಯುವಕರೊಬ್ಬರು ಸಾಲ ಮಾಡಿ ಕೊಂಡ ಲೆನ್ಸನ್ನು ಕಳೆದ ವರ್ಷ ನನ್ನ ಮೇಜಿನ ಮೇಲಿಟ್ಟು, ಫೋಕಸ್ ಕೆಟ್ಟಿದೆ, ಸರಿ ಮಾಡಿಕೊಡಿ ಎಂದರು. ಬಿಚ್ಚಿ ನೋಡಿದೆ, ಮೋಟಾರು, ಒಳಗಿನ ರಿಬ್ಬನ್ ಕೇಬಲ್ ಎಲ್ಲವೂ ಸರಿಯಾಗಿದ್ದವು. ಆ ಲೆನ್ಸ್ ಇರುವುದೇ ಹಾಗೆ. ಅವರು ನಂಬಿದ್ದ ನಾಲ್ಕೂ ವಿಮರ್ಶೆಗಳನ್ನು ಆಮೇಲೆ ಕುಳಿತು ನೋಡಿದೆ. ನಾಲ್ಕರಲ್ಲೂ ಹಗಲು ಹೊತ್ತಿನ ಚಿತ್ರಗಳೇ ಇದ್ದವು.

ಉಚಿತವಾಗಿ ಬಂದ ವಸ್ತುವೂ ಪ್ರತಿಫಲವೇ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಅದನ್ನು ವಿಡಿಯೊದ ಒಳಗೇ, ಮಾತಿನಲ್ಲೂ ಬರಹದಲ್ಲೂ, ವಿಡಿಯೊ ಇರುವ ಭಾಷೆಯಲ್ಲೇ ತಿಳಿಸಬೇಕು. ಕೆಳಗಿನ ವಿವರಣೆಯಲ್ಲಿ ಇಂಗ್ಲಿಷಿನ ಒಂದು ಪದ ಹಾಕಿ ಬಿಟ್ಟರೆ ಸಾಲದು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿಯವರೆಗೆ ದಂಡವಿದೆ, ಅದು ಶಿಫಾರಸು ಮಾಡಿದವರಿಗೂ ತಗಲುತ್ತದೆ.

ಬೆಂಗಳೂರಿನ ಸದಸ್ಯರು: ಇದೆಲ್ಲ ಸಣ್ಣ ಕಂಪನಿಗಳ ಕೆಲಸ. ದೊಡ್ಡವರು ಹೆಸರು ಕೆಡಿಸಿಕೊಳ್ಳುವುದಿಲ್ಲ.

ತಂತ್ರಜ್ಞರು: ಕೆಡಿಸಿಕೊಂಡಿದ್ದಾರೆ. 2012ರಲ್ಲಿ ನೋಕಿಯಾ ತನ್ನ ಲೂಮಿಯಾ 920 ಫೋನಿನ ಅಲುಗಾಡದ ವಿಡಿಯೊ ಎಂದು ಸೈಕಲ್ ಸವಾರಿಯ ಜಾಹೀರಾತು ತೋರಿಸಿತು. ಅದರಲ್ಲಿ ಹಾದುಹೋಗುವ ಗಾಜಿನ ಕಿಟಕಿಯಲ್ಲಿ ದೊಡ್ಡ ಕ್ಯಾಮೆರಾ ಹಿಡಿದವರಿದ್ದ ಬಿಳಿ ವ್ಯಾನಿನ ಪ್ರತಿಬಿಂಬ ಕಂಡಿತು, ಕಂಪನಿ ಕ್ಷಮೆ ಕೇಳಿತು. 2016ರಲ್ಲಿ ಹುವಾವೆ ತನ್ನ ಪಿ9 ಫೋನನ್ನು ಹೊಗಳಿ ಹಾಕಿದ ಸೂರ್ಯೋದಯದ ಚಿತ್ರದ ಎಕ್ಸಿಫ್ ಮಾಹಿತಿಯಲ್ಲಿ, ಅಂದರೆ ಚಿತ್ರದ ಜೊತೆ ಕ್ಯಾಮೆರಾ ತಾನೇ ಬರೆದಿಡುವ ವಿವರದಲ್ಲಿ, ಕ್ಯಾನನ್ 5ಡಿ ಮಾರ್ಕ್ 3 ಎಂಬ ದೊಡ್ಡ ಕ್ಯಾಮೆರಾದ ಹೆಸರಿತ್ತು.

ಮಂಗಳೂರಿನ ಸದಸ್ಯರು: ಉಪದೇಶ ಸುಲಭ. ಐದು ಸಾವಿರ ಜನ ನೋಡುವ ಕನ್ನಡ ಚಾನೆಲ್ ಲೆನ್ಸ್ ಕೊಂಡು ವಿಮರ್ಶೆ ಮಾಡಲು ಹಣ ಎಲ್ಲಿಂದ ತರಬೇಕು?

ಹುಬ್ಬಳ್ಳಿಯ ಸದಸ್ಯರು: ಹಣವಿಲ್ಲದಿದ್ದರೆ ವಿಮರ್ಶೆ ಎಂದು ಕರೆಯಬೇಡಿ, ಜಾಹೀರಾತು ಎಂದು ಕರೆಯಿರಿ. ನಿಮ್ಮ ಟ್ರೈಪಾಡ್ ವಿಡಿಯೊದಲ್ಲಿ ಹಾಗೆ ಹೇಳಿದ್ದಿರಾ?

ಮಂಗಳೂರಿನ ಸದಸ್ಯರು: ಅದು ನನ್ನ ಮತ್ತು ಅಂಗಡಿಯವರ ನಡುವಿನ ವಿಷಯ.

ಹುಬ್ಬಳ್ಳಿಯ ಸದಸ್ಯರು: ನಿಮ್ಮ ಮಾತು ನಂಬಿ ನಾನು ಆ ಟ್ರೈಪಾಡ್ ಕೊಂಡೆ. ಈಗ ಅದು ನನ್ನ ವಿಷಯವೂ ಹೌದು.

ನಿರ್ವಾಹಕರು: ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಮಂಡ್ಯದ ಸದಸ್ಯರು: ರಂಗನತಿಟ್ಟಿನ ಹಕ್ಕಿಗಳಿಗೆ ಒಂದು ಇಂಚಿನ ಸೆನ್ಸರಿನ ಕ್ಯಾಮೆರಾ ನೋಡುತ್ತಿದ್ದೇನೆ. ಜಾಹೀರಾತಿನಲ್ಲಿ 600 ಮಿ.ಮೀ. ಎಫ್/4 ಎಂದಿದೆ. ನಿಜವೇ?

ತಂತ್ರಜ್ಞರು: ಅರ್ಧ ನಿಜ. ಅದರ ನಿಜವಾದ ಫೋಕಲ್ ದೂರ ಸುಮಾರು 220 ಮಿ.ಮೀ.; 600 ಎಂಬುದು ಫುಲ್‌ಫ್ರೇಮಿಗೆ, ಅಂದರೆ ಇನ್ನೂ ದೊಡ್ಡ ಸೆನ್ಸರಿನ ಕ್ಯಾಮೆರಾಗೆ, ಹೋಲಿಸಿ ಬರೆದ ಅಂಕಿ. ಎಫ್ ಸಂಖ್ಯೆಯನ್ನು (ಫೋಕಲ್ ದೂರವನ್ನು ಬೆಳಕು ಬರುವ ದ್ವಾರದ ಅಗಲದಿಂದ ಭಾಗಿಸಿದ ಅಂಕಿ) ಮಾತ್ರ ಹಾಗೆ ಹೋಲಿಸಿ ಬರೆಯುವುದಿಲ್ಲ. 600ನ್ನು 4ರಿಂದ ಭಾಗಿಸಿದರೆ 150 ಮಿ.ಮೀ. ಅಗಲದ ದ್ವಾರ ಬೇಕು, 220ಕ್ಕೆ 55 ಸಾಕು. ಮುಸ್ಸಂಜೆಯಲ್ಲಿ ಆ ವ್ಯತ್ಯಾಸ ಚಿತ್ರದಲ್ಲಿ ಕಾಣುತ್ತದೆ.

ಶಿರಸಿಯ ಸದಸ್ಯರು: ಫಾರ್ವರ್ಡ್ ಬಂದ ವಿಡಿಯೊ: ಟೂತ್‌ಪೇಸ್ಟ್ ಉಜ್ಜಿದರೆ ಲೆನ್ಸಿನ ಫಂಗಸ್ ಹೋಗುತ್ತದೆ. ಮಳೆಗಾಲಕ್ಕೆ ಉಪಯುಕ್ತ, ಎಲ್ಲರಿಗೂ ಹಂಚಿ.

ತಂತ್ರಜ್ಞರು: ಹಂಚಬೇಡಿ. ಟೂತ್‌ಪೇಸ್ಟಿನಲ್ಲಿ ಉಜ್ಜುವ ಪುಡಿ ಇರುತ್ತದೆ, ಗಾಜಿನ ಮೇಲಿನ ಲೇಪನ ಹೋಗುತ್ತದೆ. ಫಂಗಸ್ ಹೆಚ್ಚಾಗಿ ಬೆಳೆಯುವುದು ಒಳಗಿನ ಗಾಜಿನ ಮೇಲೆ, ಅಲ್ಲಿಗೆ ನಿಮ್ಮ ಬೆರಳು ತಲುಪುವುದಿಲ್ಲ. ಈ ಫಾರ್ವರ್ಡ್ ಗುಂಪಿಗೆ ಬರುತ್ತಿರುವುದು ಇದು ಮೂರನೆಯ ಸಲ. ಆ ವಿಡಿಯೊದ ಕೊನೆಯಲ್ಲಿ ಯಾವ ಕ್ಲೀನಿಂಗ್ ಕಿಟ್ ಮಾರುತ್ತಿದ್ದಾರೆ ಎಂಬುದನ್ನಾದರೂ ನೋಡಿದಿರಾ?

ಕಲಬುರಗಿಯ ಸದಸ್ಯರು: ಆನ್‌ಲೈನಿನ ಐದು ನಕ್ಷತ್ರಗಳ ಗ್ರಾಹಕ ವಿಮರ್ಶೆಗಳನ್ನು ಎಷ್ಟು ನಂಬಬಹುದು?

ದಾವಣಗೆರೆಯ ಸದಸ್ಯರು: 50,000ದೊಳಗೆ ಒಳ್ಳೆಯ ಕ್ಯಾಮೆರಾ ಯಾವುದು?

ತಂತ್ರಜ್ಞರು: ಮೇಲೆ ಓದಿ.

ಹಾಸನದ ಸದಸ್ಯರು: ಕಂಪನಿಗೆ ಬರೆದೆ. ಹೋಲಿಕೆ ಮಾಡಬಹುದಂತೆ, ಆದರೆ ವಿಡಿಯೊ ಮೊದಲು ನೋಡಲೇಬೇಕಂತೆ.

ತಂತ್ರಜ್ಞರು: ಹಾಗಾದರೆ ಬೇಡವೆಂದು ಬರೆಯಿರಿ. ಅದೇ ಲೆನ್ಸ್ ಮೈಸೂರಿನಲ್ಲಿ ಬಾಡಿಗೆಗೆ ಸಿಗುತ್ತದೆ. ಎರಡು ದಿನ ತೆಗೆದುಕೊಂಡು ಒಂದು ಸಂಜೆ ಮದುವೆ ಮನೆಯಲ್ಲಿ ಬಳಸಿ ನೋಡಿ, ಬಾಡಿಗೆಯ ರಸೀದಿಯನ್ನು ವಿಡಿಯೊದಲ್ಲೇ ತೋರಿಸಿ.