ಅಪ್‌ಡೇಟ್: ಮಗಳ ಮೂಗಿನ ರಕ್ತ ಈಗ ಹತೋಟಿಯಲ್ಲಿದೆ

ಮಗಳಿಗೆ ವಾನ್ ವಿಲ್ಲೆಬ್ರಾಂಡ್ ಕಾಯಿಲೆ (ಟೈಪ್ 1) ಇದೆ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ, ವಂಶಪಾರಂಪರ್ಯವಾಗಿ ಬರುವ ಕಾಯಿಲೆ; ಬಳ್ಳಾರಿ ಬಿಸಿಲು ಶುರುವಾದರೆ ಸಾಕು ಮೂಗಿನಿಂದ ರಕ್ತ ಬರುತ್ತದೆ, ಬೇಗ ನಿಲ್ಲಲ್ಲ, ಏನು ಮಾಡೋದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ರಕ್ತರೋಗ ತಜ್ಞರನ್ನು ನೋಡಿ ಬಂದೆವು. ದೊಡ್ಡ ಬದಲಾವಣೆ ಅಂದರೆ ಮೂಗು ಹಿಡಿಯುವ ರೀತಿ. ತಲೆ ಹಿಂದಕ್ಕೆ ಹಾಕಬಾರದು, ರಕ್ತ ಗಂಟಲಿಗೆ ಇಳಿದು ವಾಂತಿ ಆಗುತ್ತದೆ. ಕೂತು, ಸ್ವಲ್ಪ ಮುಂದಕ್ಕೆ ಬಾಗಿ, ಮೂಗಿನ ಮೂಳೆಯನ್ನಲ್ಲ, ಕೆಳಗಿನ ಮೆತ್ತನೆ ಭಾಗವನ್ನು ಒತ್ತಿ ಹಿಡಿಯಬೇಕು. 10ರಿಂದ 15 ನಿಮಿಷ. ನಡುವೆ ಬಿಟ್ಟು ನೋಡುವ ಹಾಗಿಲ್ಲ. ಇದೇ ಕಷ್ಟ! ಅವಳ ಕೈಗೆ ಗಡಿಯಾರ ಕೊಟ್ಟು ಕೂರಿಸುತ್ತೇನೆ. ಅಜ್ಜಿ ಮಾತ್ರ ಇನ್ನೂ ಈರುಳ್ಳಿ ಮೂಸಿಸಲು ಬರುತ್ತಾರೆ, ಇರಲಿ ಬಿಡಿ.

ನಿಲ್ಲದಿದ್ದರೆ ಕೊಡಲು ಟ್ರಾನೆಕ್ಸಾಮಿಕ್ ಆ್ಯಸಿಡ್ (ರಕ್ತ ನಿಲ್ಲಲು ನೆರವಾಗುವ ಔಷಧ) ಮಾತ್ರೆ ಬರೆದುಕೊಟ್ಟಿದ್ದಾರೆ. ಡೋಸ್ ಅವಳ ತೂಕಕ್ಕೆ ತಕ್ಕಂತೆ, ಹಾಗಾಗಿ ಇಲ್ಲಿ ಹೇಳಲ್ಲ. ರಕ್ತ ಬರುವುದು ಅರ್ಧ ಗಂಟೆ ದಾಟಿದರೆ ನೇರ ಆಸ್ಪತ್ರೆಗೆ. ಮೂಗು ಒಣಗದಂತೆ ದಿನಾ ಸಲೈನ್ (ಉಪ್ಪುನೀರಿನ) ಸ್ಪ್ರೇ. ಜ್ವರ, ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಸಾಕು ಅಂದರು.

ಯಾರೋ ಫೆರಿಟಿನ್ (ದೇಹದಲ್ಲಿ ಕಬ್ಬಿಣ ಎಷ್ಟು ಸಂಗ್ರಹವಿದೆ ಅಂತ ತೋರಿಸುವ) ಪರೀಕ್ಷೆ ಮಾಡಿಸಿ ಅಂದಿದ್ರಿ ಅಲ್ವಾ? ಮಾಡಿಸಿದೆವು, ಕಡಿಮೆಯೇ ಇತ್ತು. ಅವಳ ಸುಸ್ತಿಗೆ ಕಾರಣ ಅದೇ ಇರಬೇಕು. ಕಬ್ಬಿಣದ ಸಿರಪ್ ನಡೀತಿದೆ. ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಹಿಮೋಫಿಲಿಯಾ (ರಕ್ತ ಹೆಪ್ಪುಗಟ್ಟದ ಇನ್ನೊಂದು ಕಾಯಿಲೆ) ಥರ ಗಂಡುಮಕ್ಕಳಿಗೇ ಜಾಸ್ತಿ ಬರುವುದಲ್ಲವಂತೆ, ಇಬ್ಬರಿಗೂ ಸಮಾನವಾಗಿ ಬರಬಹುದು. ವಂಶಪಾರಂಪರ್ಯ ಆದ್ದರಿಂದ ನಾನೂ ಪರೀಕ್ಷೆ ಮಾಡಿಸಿಕೊಂಡಿದ್ದೇನೆ, ರಿಪೋರ್ಟ್ ಮುಂದಿನ ವಾರ ಬರುತ್ತದೆ.